ಕಾಯಿಲೆಯವರ ಮನೆಯ ಕುಂಡಗಳಿಗೆ ನೀರು ಹಾಕುವ ಬಗೆ

"ಏನಾದರೂ ಬೇಕಾದರೆ ಹೇಳಿ" ಎಂಬ ಮಾತನ್ನು ಕಾಯಿಲೆ ಹೊಕ್ಕ ಮನೆಯವರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬಯಾಪ್ಸಿ ವರದಿ ಒಂದು ಕೈಯಲ್ಲಿ, ವಿಮೆಯ ಕಾಗದ ಇನ್ನೊಂದು ಕೈಯಲ್ಲಿ ಹಿಡಿದು ನಿಂತವರಿಗೆ ಯಾರ ಹತ್ತಿರ ಯಾವ ಕೆಲಸ ಹೇಳಬೇಕೆಂದು ಯೋಚಿಸುವುದೂ ಒಂದು ಹೊರೆಯೇ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ವಾರ ನಾನೂ ಅದೇ ಮಾತು ಹೇಳಿ ಬಂದಿದ್ದೆ. ಅವರು "ಆಗಲಿ" ಎಂದು ತಲೆಯಾಡಿಸಿದರು, ಏನೂ ಕೇಳಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ. "ಅಕ್ಕಾ, ನೀವು ಬೆಂಗಳೂರಿಗೆ ಹೋದಾಗಲೆಲ್ಲ ಗಿಡಗಳಿಗೆ ನಾನು ನೀರು ಹಾಕುತ್ತೇನೆ. ಬೀಗದ ಕೈ ಒಂದು ನನ್ನ ಹತ್ತಿರ ಇರಲಿ" ಎಂದೆ. ಅವರು ತಕ್ಷಣ ಎದ್ದು ಒಳಗಿನಿಂದ ಬೀಗದ ಕೈ ತಂದರು. "ತುಳಸಿ ಒಣಗಿಬಿಡುತ್ತದೇನೋ ಎಂದು ನಿನ್ನೆ ರಾತ್ರಿಯೆಲ್ಲ ಅದೇ ಯೋಚನೆ" ಎಂದರು. ಮುಂದಿನ ವಾರ ಕೀಮೋ ಶುರುವಾಗಲಿದ್ದ ಹೆಂಗಸಿಗೆ ರಾತ್ರಿ ನಿದ್ದೆಗೆಡಿಸಿದ್ದು ತುಳಸಿ ಗಿಡ ಎಂದು ತಿಳಿದಾಗ ನನಗೆ ಈ ಕೆಲಸದ ಬೆಲೆ ಅರ್ಥವಾಯಿತು.

ಮೈಸೂರಿನ ಆ ಮನೆಯಲ್ಲಿ ಹಜಾರ, ಬಾಲ್ಕನಿ, ತಾರಸಿ ಸೇರಿ ನಲವತ್ತಕ್ಕೂ ಹೆಚ್ಚು ಕುಂಡಗಳಿದ್ದವು. ಎಂಟು ತಿಂಗಳು ಅವುಗಳ ಹೊಣೆ ನನ್ನ ಮೇಲಿತ್ತು. ಮೊದಲ ತಿಂಗಳಲ್ಲೇ ಎರಡು ಗಿಡಗಳನ್ನು ಕಳೆದುಕೊಂಡೆ, ಎರಡೂ ನೀರು ಹೆಚ್ಚಾಗಿ ಸತ್ತವು. ಆ ಎಂಟು ತಿಂಗಳಲ್ಲಿ ಕಲಿತದ್ದನ್ನು, ಇಂಥದೇ ಬೀಗದ ಕೈ ಹಿಡಿದು ನಿಂತ ಯಾರಿಗಾದರೂ ಉಪಯೋಗವಾಗಲಿ ಎಂದು ಕ್ರಮವಾಗಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ ಒಂದು ಸುತ್ತು

ಸಾಧ್ಯವಾದರೆ ಅವರು ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮನೆಯವರ ಜೊತೆ ಹದಿನೈದು ನಿಮಿಷ ಕುಂಡಗಳ ನಡುವೆ ಸುತ್ತಾಡಿ. ಪ್ರತಿ ಗುಂಪಿನ ಒಂದು ಫೋಟೊ ತೆಗೆದುಕೊಳ್ಳಿ. ಗಿಡ ಚೆನ್ನಾಗಿದ್ದಾಗ ಹೇಗಿತ್ತು ಎಂಬುದಕ್ಕೆ ಆ ಫೋಟೊ ಸಾಕ್ಷಿ. ಮೂರು ವಾರದ ನಂತರ "ಈ ಎಲೆ ಮೊದಲೂ ಹೀಗೇ ಹಳದಿ ಇತ್ತೇ" ಎಂಬ ಅನುಮಾನ ಬಂದೇ ಬರುತ್ತದೆ. ನೀರು ಕಡಿಮೆ ಬೇಕಾದ ಕುಂಡಗಳಿಗೆ ಕೆಂಪು ಟೇಪು, ಹೆಚ್ಚು ಬೇಕಾದವಕ್ಕೆ ನೀಲಿ ಟೇಪು ಅಂಟಿಸಿ. ಕೇಳಬೇಕಾದ ಪ್ರಶ್ನೆ ಮುಖ್ಯವಾಗಿ ಒಂದೇ: "ಇವುಗಳಲ್ಲಿ ನಿಮಗೆ ಯಾವುದು ಹೋದರೆ ತುಂಬ ಬೇಸರವಾಗುತ್ತದೆ?" ಅಕ್ಕ ಎರಡನ್ನು ತೋರಿಸಿದರು. ಒಂದು ತುಳಸಿ, ಇನ್ನೊಂದು ಅವರ ತಾಯಿಯ ಮನೆಯಿಂದ ತಂದ ಬ್ರಹ್ಮಕಮಲ. ಮಿಕ್ಕವುಗಳಲ್ಲಿ ತಪ್ಪಾದರೂ ಈ ಎರಡರಲ್ಲಿ ತಪ್ಪಬಾರದು ಎಂದು ಆ ದಿನವೇ ನಿಶ್ಚಯಿಸಿದೆ.

ಎಲ್ಲ ಮನೆಗಳಲ್ಲೂ ಇಷ್ಟು ಸಮಯ ಸಿಗುವುದಿಲ್ಲ. ಪಾರ್ಶ್ವವಾಯು, ಹೃದಯಾಘಾತ, ಅಪಘಾತ ಇವು ಮುಂಚಿತವಾಗಿ ಹೇಳಿ ಬರುವುದಿಲ್ಲ. ಮನೆಗೆ ಬೀಗ ಹಾಕಿದ್ದೇ ನೆನಪಿಲ್ಲದೆ ಆಂಬುಲೆನ್ಸ್ ಹತ್ತಿದವರಿರುತ್ತಾರೆ. ಆಗ ರೋಗಿಗಾಗಲಿ, ಐಸಿಯು ಬಾಗಿಲಲ್ಲಿ ಕುಳಿತವರಿಗಾಗಲಿ ಫೋನು ಮಾಡಿ ಗಿಡದ ವಿಷಯ ಕೇಳಬೇಡಿ. ಮಗಳನ್ನೋ ಮನೆಕೆಲಸದವರನ್ನೋ ಕೇಳಿ. ಮನೆಕೆಲಸದವರಿಗೆ ಯಾವ ಗಿಡಕ್ಕೆ ಎಷ್ಟು ನೀರು ಬೀಳುತ್ತಿತ್ತು ಎಂಬುದು ಎಷ್ಟೋ ಸಲ ಯಜಮಾನರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೊದಲ ದಿನ ನೀರು ಹಾಕಬೇಡಿ

ಬೀಗ ತೆಗೆದು ಒಳಗೆ ಹೋದ ಕೂಡಲೇ ಬಕೆಟ್ಟು ತುಂಬಿಸುವ ಆತುರ ನನಗೂ ಇತ್ತು. ನಮ್ಮವರು ಕಷ್ಟದಲ್ಲಿದ್ದಾರೆ, ನಾವು ಏನಾದರೂ ಮಾಡಲೇಬೇಕು ಎಂಬ ತಳಮಳ ಕೈಯನ್ನು ಸುಮ್ಮನಿರಗೊಡುವುದಿಲ್ಲ. ಆ ತಳಮಳವೇ ಮೊದಲ ತಿಂಗಳಲ್ಲಿ ಎರಡು ಗಿಡಗಳನ್ನು ಕೊಂದದ್ದು. ಅದು ಜುಲೈ ತಿಂಗಳು, ಬಿಸಿಲೇ ಇಲ್ಲದ ದಿನಗಳು, ನಾನು ದಿನವೂ ಎಲ್ಲ ಕುಂಡಕ್ಕೂ ಒಂದೊಂದು ಮಗ್ ನೀರು ಹಾಕುತ್ತ ಹೋದೆ.

ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ಆ ಸಂದುಗಳನ್ನು ಸದಾ ತುಂಬಿಕೊಂಡಿದ್ದರೆ ಬೇರಿಗೆ ಆಮ್ಲಜನಕ ಸಿಗದೆ ಅದು ಸಾಯತೊಡಗುತ್ತದೆ, ಸತ್ತ ಬೇರನ್ನು ಶಿಲೀಂಧ್ರಗಳು ಕೊಳೆಸುತ್ತವೆ. ಕೊಳೆತ ಬೇರು ನೀರೆಳೆಯಲಾರದು. ಆದ್ದರಿಂದ ಗಿಡ ಬಾಡಿ ಜೋತುಬೀಳುತ್ತದೆ. ನೋಡಿದವರು "ಅಯ್ಯೋ, ನೀರಿಲ್ಲದೆ ಬಾಡಿದೆ" ಎಂದು ಇನ್ನಷ್ಟು ಸುರಿಯುತ್ತಾರೆ. ಮನೆಯೊಳಗಿನ ಗಿಡಗಳು ಬಾಯಾರಿಕೆಗಿಂತ ಹೆಚ್ಚಾಗಿ ಹೀಗೆ ಸಾಯುತ್ತವೆ.

ಮೊದಲ ದಿನದ ಕೆಲಸ ನೋಡುವುದು, ಮುಟ್ಟುವುದು, ಎತ್ತುವುದು. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ. ಮೇಲ್ಮಣ್ಣು ಒಣಗಿ ಬಿಳಿಚಿಕೊಂಡಿದ್ದರೂ ಒಳಗೆ ತಂಪು ಹತ್ತಿದರೆ ಆ ಕುಂಡಕ್ಕೆ ಇವತ್ತು ನೀರು ಬೇಡ. ಬೆರಳು ಇಳಿಯದ ಗಟ್ಟಿ ಮಣ್ಣಾದರೆ ಊದುಬತ್ತಿಯ ಕಡ್ಡಿಯನ್ನೋ ಬಿದಿರಿನ ಕಡ್ಡಿಯನ್ನೋ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಇಡ್ಲಿ ಬೆಂದಿದೆಯೇ ಎಂದು ನೋಡುವ ಹಾಗೆಯೇ. ಕಡ್ಡಿಗೆ ಒದ್ದೆ ಮಣ್ಣು ಮೆತ್ತಿಕೊಂಡಿದ್ದರೆ ಒಳಗೆ ನೀರಿದೆ. ಎತ್ತಲು ಬರುವ ಕುಂಡಗಳನ್ನು ಒಮ್ಮೆ ಎತ್ತಿ ನೋಡಿ. ನೀರು ಕುಡಿದ ಕುಂಡ ಭಾರ, ಒಣಗಿದ್ದು ಹಗುರ. ಒಂದು ವಾರದೊಳಗೆ ಕೈಗೆ ಆ ಲೆಕ್ಕ ಬರುತ್ತದೆ, ಆಮೇಲೆ ಬೆರಳು ಹಾಕುವ ಅಗತ್ಯವೇ ಇರುವುದಿಲ್ಲ.

ಕುಂಡದ ತಳದಲ್ಲಿ ತೂತು ಇದೆಯೇ ಎಂಬುದನ್ನು ಮರೆಯದೆ ನೋಡಿ. ಹಜಾರದಲ್ಲಿ ಅಂದಕ್ಕೆಂದು ಇಟ್ಟ ಪಿಂಗಾಣಿ ಕುಂಡಗಳಿಗೆ ಎಷ್ಟೋ ವೇಳೆ ತೂತೇ ಇರುವುದಿಲ್ಲ, ಒಳಗೆ ಇನ್ನೊಂದು ಪ್ಲಾಸ್ಟಿಕ್ ಕುಂಡವಿರುತ್ತದೆ. ಒಳಗಿನದನ್ನು ಎತ್ತಿ ಹೊರಗೆ ತಂದು, ನೀರು ಹಾಕಿ, ಪೂರ್ತಿ ಇಳಿದ ಮೇಲೆ ವಾಪಸು ಇಡಿ. ನನ್ನ ಕೈಯಲ್ಲಿ ಸತ್ತ ಪೀಸ್ ಲಿಲಿ ಇಂಥ ಪಿಂಗಾಣಿ ಕುಂಡದಲ್ಲಿತ್ತು. ಎತ್ತಿ ನೋಡಿದಾಗ ತಳದಲ್ಲಿ ನಾಲ್ಕು ಬೆರಳು ನೀರು ನಿಂತು ನಾರುತ್ತಿತ್ತು.

ನೀರು ಹಾಕುವ ಕ್ರಮ

ಬೆಳಿಗ್ಗೆ ಹಾಕುವುದು ಒಳ್ಳೆಯದು, ಎಂಟು ಒಂಬತ್ತರ ಒಳಗೆ. ಸಂಜೆ ಬಿಡುವಾದರೆ ಸಂಜೆಯೂ ಆಗಬಹುದು, ಎಲೆಗಳನ್ನು ಮಾತ್ರ ನೆನೆಸಬೇಡಿ. ರಾತ್ರಿಯಿಡೀ ಒದ್ದೆ ಇದ್ದ ಎಲೆಗೆ ಬೂಷ್ಟು ಬೇಗ ಹತ್ತುತ್ತದೆ. ಬೇಸಿಗೆಯ ಮಧ್ಯಾಹ್ನ ತಾರಸಿಯ ಪೈಪಿನಿಂದ ಬರುವ ಮೊದಲ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ, ಅದನ್ನು ಬಕೆಟ್ಟಿಗೆ ಬಿಟ್ಟು ಆರಿಸಿಕೊಳ್ಳಿ.

ನೀರು ಬೇಕಾದ ಕುಂಡಕ್ಕೆ ಹೊಟ್ಟೆ ತುಂಬ ಹಾಕಿ. ದಿನಕ್ಕೊಂದು ಲೋಟ ಚಿಮುಕಿಸುವುದಕ್ಕಿಂತ ನಾಲ್ಕು ದಿನಕ್ಕೊಮ್ಮೆ ತುಂಬ ಹಾಕುವುದು ಮೇಲು. ಚಿಮುಕಿಸಿದ ನೀರು ಮೇಲಿನ ಎರಡಂಗುಲ ಮಾತ್ರ ನೆನೆಸುತ್ತದೆ, ಬೇರು ಇರುವುದು ಅದರ ಕೆಳಗೆ. ಕಾಂಡದ ಬುಡಕ್ಕೇ ಸುರಿಯದೆ ಕುಂಡದ ಅಂಚಿನುದ್ದಕ್ಕೂ ಸುತ್ತಿಸಿ ನಿಧಾನವಾಗಿ ಹಾಕಿ. ಒಂದು ಸುತ್ತು ಹಾಕಿ, ಅದು ಇಂಗುವವರೆಗೆ ಪಕ್ಕದ ಕುಂಡ ನೋಡಿಕೊಂಡು, ಮತ್ತೆ ಬಂದು ಇನ್ನೊಂದು ಸುತ್ತು. ತಳದ ತೂತಿನಿಂದ ನೀರು ಹೊರಬಂದಾಗ ನಿಲ್ಲಿಸಿ. ಎಂಟು ಅಂಗುಲದ ಕುಂಡ ಪೂರ್ತಿ ಒಣಗಿದ್ದರೆ ಸುಮಾರು ಒಂದು ಲೀಟರ್, ಅಂದರೆ ಒಂದು ದೊಡ್ಡ ತಂಬಿಗೆ ಹಿಡಿಯುತ್ತದೆ. ಅಳತೆಗಿಂತ ತೂತಿನಿಂದ ಬರುವ ನೀರನ್ನು ನಂಬಿ.

ಇಲ್ಲಿ ಒಂದು ಮೋಸವಿದೆ. ಇತ್ತೀಚೆಗೆ ನರ್ಸರಿಯಿಂದ ಬರುವ ಬಹುತೇಕ ಗಿಡಗಳು ಕೋಕೋಪೀಟ್‌ನಲ್ಲಿ ಇರುತ್ತವೆ. ಈ ತೆಂಗಿನ ನಾರಿನ ಪುಡಿ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿನಲ್ಲಿ ಜಾರಿ ಕ್ಷಣದಲ್ಲಿ ಕೆಳಗೆ ಬಂದುಬಿಡುತ್ತದೆ, ನಡುವಿನ ಗಡ್ಡೆ ಒಣಗಿದ್ದು ಒಣಗಿದಂತೆಯೇ ಇರುತ್ತದೆ. ಹಾಕಿದ ತಕ್ಷಣ ನೀರು ಹೊರಬಂದು, ಎತ್ತಿದರೆ ಕುಂಡ ಇನ್ನೂ ಹಗುರವಾಗಿಯೇ ಇದ್ದರೆ ಹೀಗಾಗಿದೆ ಎಂದು ತಿಳಿಯಿರಿ. ಅಂಥ ಕುಂಡವನ್ನು ಬಕೆಟ್ಟಿನಲ್ಲಿ ನಾಲ್ಕು ಅಂಗುಲ ನೀರು ತುಂಬಿಸಿ ಅದರಲ್ಲಿ ಅರ್ಧ ಗಂಟೆ ಕೂರಿಸಿ. ತಳದಿಂದ ನೀರು ಹೀರಿಕೊಂಡು ಮೇಲ್ಮಣ್ಣು ಕಪ್ಪಾದ ಮೇಲೆ ತೆಗೆದು ನೀರು ಬಸಿಯಲು ಬಿಡಿ. ಬೀಗ ಹಾಕಿದ ಮನೆಯಲ್ಲಿ ಹತ್ತು ಹದಿನೈದು ದಿನ ಒಣಗಿದ ಗಿಡಗಳನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಕೊನೆಯ ಹೆಜ್ಜೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಅರ್ಧ ಗಂಟೆಯ ನಂತರ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಬೇರು ಕೊಳೆಯದಿರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕಾಯಿಲೆಯವರ ಮನೆಯಲ್ಲಿ ಅದಕ್ಕಿಂತ ದೊಡ್ಡದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆ ಮೊಟ್ಟೆಗಳು ಒಣಗಿದ ತಟ್ಟೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ, ಹಾಗಾಗಿ ವಾರಕ್ಕೊಮ್ಮೆ ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಬಾಟಲಿಯಲ್ಲಿ ಬೆಳೆಸಿದ ಮನಿ ಪ್ಲಾಂಟಿನ ನೀರನ್ನೂ ವಾರಕ್ಕೊಮ್ಮೆ ಬದಲಿಸಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಕೀಮೋದಿಂದ ಪ್ಲೇಟ್‌ಲೆಟ್ ಕಡಿಮೆಯಾಗಿ ಮನೆಗೆ ಮರಳುವವರನ್ನು ಅವರದೇ ಬಾಲ್ಕನಿಯ ಸೊಳ್ಳೆ ಕಚ್ಚಬಾರದು.

ಯಾವ ಗಿಡಕ್ಕೆ ಹೇಗೆ

ತುಳಸಿಗೆ ಬಿಸಿಲೂ ಬೇಕು, ನೀರೂ ಬೇಕು. ಮಾರ್ಚ್‌ನಿಂದ ಮೇವರೆಗೆ ಮಣ್ಣಿನ ಕುಂಡದ ತುಳಸಿಗೆ ದಿನವೂ ನೀರು ಬೇಕಾಗುತ್ತದೆ, ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ನೋಡಿದರೂ ಸಾಕು. ಕದಿರು ಬಂದಾಗ ಚಿವುಟಿದರೆ ಗಿಡ ದಟ್ಟವಾಗಿ ಚಿಗುರುತ್ತದೆ. ಬೀಜವಾಗಲು ಬಿಟ್ಟರೆ ಬೇಗ ಒಣಗಿ ಕಡ್ಡಿಯಾಗುತ್ತದೆ. ಆದರೆ ಇದು ದೇವರ ಗಿಡ. ದ್ವಾದಶಿಯಂದು ತುಳಸಿ ಕೀಳಬಾರದೆಂಬ ನಿಯಮ ಎಷ್ಟೋ ಮನೆಗಳಲ್ಲಿದೆ, ಸ್ನಾನ ಮಾಡಿಯೇ ನೀರೆರೆಯುವ ಪದ್ಧತಿಯೂ ಇದೆ. ನಿಮ್ಮ ನಂಬಿಕೆ ಏನೇ ಇರಲಿ, ಆ ಮನೆಯವರ ಕ್ರಮ ಕೇಳಿಕೊಂಡು ಹಾಗೆಯೇ ನಡೆದುಕೊಳ್ಳಿ. ಅಕ್ಕ ಸಂಜೆ ಒಂದು ದೀಪವನ್ನೂ ಹಚ್ಚಲು ಕೇಳಿಕೊಂಡರು. ಹಚ್ಚಿ ಆರುವವರೆಗೆ ಅಲ್ಲೇ ಕುಳಿತಿರುತ್ತಿದ್ದೆ, ಬೀಗ ಹಾಕಿದ ಮನೆಯಲ್ಲಿ ಉರಿಯುವ ದೀಪ ಬಿಟ್ಟು ಹೋಗಬಾರದು.

ಬ್ರಹ್ಮಕಮಲ ಕಳ್ಳಿಯ ಜಾತಿ, ಆದರೆ ಮರಳುಗಾಡಿನದಲ್ಲ, ಕಾಡಿನ ಮರಗಳ ಮೇಲೆ ಬೆಳೆಯುವಂಥದ್ದು. ಮೇಲಿನ ಎರಡಂಗುಲ ಒಣಗಿದ ಮೇಲೆ ನೀರು, ನೇರ ಬಿಸಿಲು ಬೇಡ. ಮೊಗ್ಗು ಬಂದ ಮೇಲೆ ಕುಂಡವನ್ನು ಜರುಗಿಸಬೇಡಿ, ಪೂರ್ತಿ ಒಣಗಿಸಲೂ ಬೇಡಿ, ಎರಡರಿಂದಲೂ ಮೊಗ್ಗು ಉದುರಬಹುದು.

ಸ್ನೇಕ್ ಪ್ಲಾಂಟ್, ಝಡ್‌ಝಡ್ ಗಿಡ, ಲೋಳೆಸರ, ಅಡೇನಿಯಂ, ಜೇಡ್ ಇವು ತಮ್ಮ ಎಲೆ, ಕಾಂಡ ಅಥವಾ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡಿರುತ್ತವೆ. ಕುಂಡ ತಳದವರೆಗೆ ಒಣಗಿದ ಮೇಲೆ ಮಾತ್ರ ಹಾಕಿ. ಮನೆಯೊಳಗಿನ ಸ್ನೇಕ್ ಪ್ಲಾಂಟಿಗೆ ಮಳೆಗಾಲ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೂ ನಡೆಯುತ್ತದೆ. ದೊಡ್ಡಪತ್ರೆಯೂ ಇದೇ ಗುಂಪಿಗೆ ಹತ್ತಿರ, ಅತಿಯಾದ ನೀರಿಗೆ ಬುಡ ಕಪ್ಪಾಗಿ ಕೊಳೆಯುತ್ತದೆ.

ಆಂಥೂರಿಯಂ, ಫರ್ನ್, ಪೀಸ್ ಲಿಲಿಗಳಿಗೆ ಸದಾ ತುಸು ತೇವ ಬೇಕು. ಫರ್ನ್ ಒಮ್ಮೆ ಗರಿಗರಿ ಒಣಗಿದರೆ ಆ ಎಲೆ ಮತ್ತೆ ಹಸಿರಾಗುವುದಿಲ್ಲ. ಪೀಸ್ ಲಿಲಿ ಬಾಯಾರಿದಾಗ ಜೋತುಬಿದ್ದು, ನೀರು ಕಂಡ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಮನಿ ಪ್ಲಾಂಟ್ ಬಹುತೇಕ ಎಲ್ಲವನ್ನೂ ಸಹಿಸುತ್ತದೆ. ಮಲ್ಲಿಗೆ, ದಾಸವಾಳ, ಕರಿಬೇವು ತಾರಸಿಯ ಬಿಸಿಲಲ್ಲಿದ್ದರೆ ಬೇಸಿಗೆಯಲ್ಲಿ ದಿನವೂ ನೋಡಬೇಕು.

ಸಂಕಟದ ಗುರುತುಗಳನ್ನು ಓದಲು ಒಂದು ಸುಲಭ ದಾರಿ: ಗಿಡ ಬಾಡಿದ್ದರೆ ಮೊದಲು ಮಣ್ಣು ಮುಟ್ಟಿ. ಮಣ್ಣು ಒಣಗಿದ್ದರೆ ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಬಾಡಿದ್ದರೆ ಬೇರಿಗೆ ತೊಂದರೆ. ನೀರು ನಿಲ್ಲಿಸಿ, ಗಾಳಿ ಬೆಳಕು ಇರುವ ನೆರಳಿಗೆ ಸಾಗಿಸಿ. ಮಣ್ಣಿನ ಮೇಲೆ ಪುಟ್ಟ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಮೇಲ್ಮಣ್ಣು ತುಂಬ ದಿನದಿಂದ ಹಸಿಯಾಗಿಯೇ ಇದೆ ಎಂದರ್ಥ.

ನೀರು ಎಲ್ಲಿಂದ

ಕೊಳವೆಬಾವಿಯ ಗಡಸು ನೀರು ಹಾಕಿದ ಕುಂಡಗಳ ಅಂಚಿನಲ್ಲಿ ಬಿಳಿ ಲವಣ ಕಟ್ಟುತ್ತದೆ. ಅಂಥ ಕುಂಡಗಳಿಗೆ ಮಳೆ ಬಂದಾಗ ಒಂದು ದಿನ ಮಳೆಯಲ್ಲಿ ತೊಯ್ಯಲು ಬಿಡಿ, ಲವಣ ತೊಳೆದುಹೋಗುತ್ತದೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಅದನ್ನೊಂದನ್ನೇ ಸದಾ ಹಾಕಬೇಡಿ. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ ಇರುವುದರಿಂದ ಅದು ಕುಂಡಕ್ಕೆ ಬೇಡವೇ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ಉಪ್ಪಿಲ್ಲದ ನೀರು ಒಳ್ಳೆಯದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಪ್ರಕಟಿಸಿದಾಗ, ನನ್ನ ತಂಗಿ ಅಲ್ಲಿ ಅಡುಗೆಮನೆಯ ಇಂಥ ನೀರಿನಲ್ಲೇ ಇಪ್ಪತ್ತು ಕುಂಡಗಳನ್ನು ಉಳಿಸಿಕೊಂಡಳು.

ನೀವೇ ಊರಿಗೆ ಹೋಗಬೇಕಾಗಿ ಬಂದರೆ ಕುಂಡಗಳನ್ನೆಲ್ಲ ನೆರಳಿನಲ್ಲಿ ಒತ್ತೊತ್ತಾಗಿ ಇಡಿ, ಮಣ್ಣಿನ ಮೇಲೆ ತೆಂಗಿನ ನಾರು ಹೊದಿಸಿ. ಮುಖ್ಯವಾದ ಗಿಡದ ಪಕ್ಕ ಎತ್ತರದಲ್ಲಿ ಒಂದು ಪಾತ್ರೆ ನೀರಿಟ್ಟು, ಹಳೆಯ ಹತ್ತಿ ಬಟ್ಟೆಯ ಉದ್ದನೆಯ ಬತ್ತಿಯ ಒಂದು ತುದಿ ನೀರಿನ ತಳಕ್ಕೆ, ಇನ್ನೊಂದು ತುದಿ ಎರಡಂಗುಲ ಮಣ್ಣಿನೊಳಕ್ಕೆ ಹೂಳಿದರೆ ನಾಲ್ಕೈದು ದಿನ ದಾಟುತ್ತದೆ. ಹೊರಡುವ ಮೊದಲು ಮನೆಯಲ್ಲೇ ಒಂದು ದಿನ ಪರೀಕ್ಷಿಸಿ ನೋಡಿ. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ, ಮತ್ತೆ ಅದೇ ಸೊಳ್ಳೆಯ ಮಾತು.

ಬೀಗದ ಕೈಯ ಜೊತೆಗೆ ಬರುವ ಇತರ ಕೆಲಸಗಳು

ಗಿಡಕ್ಕೆ ನೀರು ಹಾಕಲು ಹೋದವರ ಕಣ್ಣಿಗೆ ಬೇರೆಯದೂ ಬೀಳುತ್ತದೆ. ಗೇಟಿನ ಒಳಗೆ ಬಿದ್ದ ಪತ್ರಿಕೆಗಳು, ನಿಲ್ಲಿಸಲು ಹೇಳಿರದ ಹಾಲಿನ ಪ್ಯಾಕೆಟ್ಟು, ವಿದ್ಯುತ್ ಬಿಲ್ಲು, ಫ್ರಿಜ್ಜಿನಲ್ಲಿ ಕೊಳೆಯುತ್ತಿರುವ ಸೊಪ್ಪು. ಒಮ್ಮೆ ಅನುಮತಿ ಕೇಳಿಟ್ಟುಕೊಂಡು ಇವನ್ನೆಲ್ಲ ಸದ್ದಿಲ್ಲದೆ ಮಾಡಿ. ಅವರು ಮರಳುವ ಹಿಂದಿನ ದಿನ ಕಿಟಕಿ ತೆರೆದು ಗಾಳಿಯಾಡಿಸಿ, ಹಾಲು, ಮೊಸರು, ಕುಡಿಯುವ ನೀರು ತಂದಿಡಿ.

ವಾರಕ್ಕೆರಡು ಸಲ ಒಂದು ಫೋಟೊ ಕಳುಹಿಸಿ: ತುಳಸಿಯ ಹೊಸ ಚಿಗುರು, ಅರಳಿದ ದಾಸವಾಳ. ಅದರ ಕೆಳಗೆ "ಉತ್ತರ ಬರೆಯುವುದು ಬೇಡ, ಸುಮ್ಮನೆ ನೋಡಿ" ಎಂದು ಬರೆಯಿರಿ. ಎರಡನೆಯ ಕೀಮೋದ ಸಮಯದಲ್ಲಿ ಬ್ರಹ್ಮಕಮಲ ಅರಳಿತು. ಸಂಜೆ ಮೊಗ್ಗು ಬಾಗಿ ಉಬ್ಬಿದ್ದನ್ನು ಕಂಡು ಅವರ ಯಜಮಾನರಿಗೆ ಮೊದಲೇ ಸಂದೇಶ ಕಳುಹಿಸಿ, ಅಕ್ಕ ಎಚ್ಚರವಾಗಿದ್ದರೆ ಮಾತ್ರ ಕರೆ ಮಾಡಿ ಎಂದೆ. ರಾತ್ರಿ ಹತ್ತಕ್ಕೆ ಅವರೇ ಕರೆ ಮಾಡಿದರು. ಫೋನನ್ನು ಹೂವಿನ ಮುಂದೆ ಹಿಡಿದು ನಿಂತೆ, ಇಪ್ಪತ್ತು ನಿಮಿಷ ಯಾರೂ ಹೆಚ್ಚು ಮಾತಾಡಲಿಲ್ಲ.

ಮಾತಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. "ಇದು ನಿಮಗೆ ಹೇಗೆ ಬಂತು?" ಎಂದು ಕೇಳಬೇಡಿ. ಅದೇ ಕಾಯಿಲೆಯಿಂದ ತೀರಿಕೊಂಡವರ ಕಥೆ ಹೇಳಬೇಡಿ. ಲಕ್ಷ್ಮಣ ಫಲ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬಂಥ ಸಂದೇಶಗಳನ್ನು ಕಳುಹಿಸಬೇಡಿ, ಅದಕ್ಕೆ ಆಧಾರವಿಲ್ಲ. ಅಮೃತಬಳ್ಳಿಯ ಕಷಾಯ ಕುಡಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಚಿಕಿತ್ಸೆಯಲ್ಲಿರುವವರ ಬಾಯಿಗೆ ಏನು ಹೋಗಬೇಕೆಂಬುದು ಅವರ ವೈದ್ಯರಿಗೆ ಬಿಟ್ಟ ವಿಷಯ. ಎಳನೀರು ಹಿಡಿದು ಹೋಗುವುದು ನಮ್ಮಲ್ಲಿ ವಾಡಿಕೆ. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವವರಿಗೆ ಅದೇ ಎಳನೀರಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು, ಬಾಳೆಹಣ್ಣಿನದೂ ಅದೇ ಕಥೆ.

ಊಟ ಕಳುಹಿಸುವುದಾದರೆ ದಿನ, ಹೊತ್ತು, ತಿನಿಸು ಮೂರನ್ನೂ ನೀವೇ ಹೇಳಿ: "ಗುರುವಾರ ರಾತ್ರಿ ಏಳಕ್ಕೆ ಚಪಾತಿ, ಹೆಸರುಬೇಳೆ ತೊವ್ವೆ ಗೇಟಿಗೆ ನೇತುಹಾಕಿ ಹೋಗುತ್ತೇನೆ. ಡಬ್ಬಿ ವಾಪಸು ಬೇಡ." ಕೀಮೋ ಆದವರಿಗೆ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸಬಹುದು, ಬಿಸಿ ಅಡುಗೆಗಿಂತ ಆರಿದ, ಸಪ್ಪೆ ಅಡುಗೆ ಅವರಿಗೆ ಸುಲಭ. ಜೊತೆಗಿರುವವರ ಊಟವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಕ್ಕನ ಯಜಮಾನರು ಆಸ್ಪತ್ರೆಯ ಕ್ಯಾಂಟೀನಿನ ಕಾಫಿಯಲ್ಲೇ ದಿನ ಕಳೆಯುತ್ತಿದ್ದರು ಎಂದು ತಿಳಿದ ಮೇಲೆ ಅವರಿಗೆಂದೇ ಚಟ್ನಿಪುಡಿ, ತುಪ್ಪ, ಅವಲಕ್ಕಿ ಕಟ್ಟಿಕೊಡಲು ಶುರುಮಾಡಿದೆ.

ರಕ್ತ ಬೇಕೆಂದು ಕರೆ ಬರುವ ಮೊದಲೇ ಒಂದು ಪಟ್ಟಿ ಮಾಡಿಟ್ಟಿರಿ: ಬೀದಿಯಲ್ಲಿ, ಕಚೇರಿಯಲ್ಲಿ ಯಾರ ಗುಂಪು ಯಾವುದು, ಕೊನೆಯ ಸಲ ಯಾವಾಗ ಕೊಟ್ಟದ್ದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಪ್ಲೇಟ್‌ಲೆಟ್‌ಗಳನ್ನು ಐದೇ ದಿನ ಇಡಲು ಸಾಧ್ಯ, ಆದ್ದರಿಂದ ಬೇಕಾದಾಗ ದಾನಿಗಳೂ ಆಗಲೇ ಸಿಗಬೇಕು.

ಮನೆಗೆ ಮರಳಿದ ಮೇಲೆ

ಕೀಮೋ ಆದ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರ ಕಡಿಮೆ ಇರುತ್ತವೆ. ಕುಂಡದ ಮಣ್ಣಿನಲ್ಲೂ ಹೂದಾನಿಯ ನೀರಿನಲ್ಲೂ ಇರುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ನಮಗೆ ಏನೂ ಮಾಡದಿದ್ದರೂ ಅವರಿಗೆ ಅಪಾಯ ತರಬಲ್ಲವು. ಮಲಗುವ ಕೋಣೆಯ ಕುಂಡಗಳನ್ನು ಹೊರಗಿಡಬೇಕೇ ಎಂದು ವೈದ್ಯರನ್ನು ಕೇಳಲು ಮನೆಯವರಿಗೆ ನೆನಪಿಸಿ, ಇಡಬೇಕೆಂದರೆ ನೀವೇ ಸಾಗಿಸಿ. ಮಣ್ಣು ಕೆದಕುವುದು, ಗೊಬ್ಬರ ಹಾಕುವುದು, ಒಣಗಿದ ಎಲೆ ತೆಗೆಯುವುದು ಎಲ್ಲ ಅವರು ಬರುವ ಮೊದಲೇ ಮುಗಿದಿರಲಿ. ನೋಡಲು ಹೋಗುವಾಗ ಹೂಗುಚ್ಛ ಬೇಡ. ನೆಗಡಿ, ಕೆಮ್ಮು ಇದ್ದರೆ ನೀವೂ ಬೇಡ. ಒಂದು ಮಾತು ಮಾತ್ರ ನೆನಪಿಡಿ: ಈ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ರಾತ್ರಿ ಎರಡಕ್ಕೆ ಕಾರು ಹೊರಡಿಸಲು ನಿಮ್ಮ ಫೋನು ಸದ್ದು ಮಾಡುವಂತೆ ಇಟ್ಟುಕೊಂಡಿದ್ದೀರಿ ಎಂದು ಅವರಿಗೆ ತಿಳಿದಿರಲಿ.

ಎಲ್ಲರೂ ಮರಳುವುದಿಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಸೋದರಮಾವ ತೀರಿಕೊಂಡಾಗ ಸೂತಕದ ಅಷ್ಟೂ ದಿನ ಮನೆ ತುಂಬ ಜನರಿದ್ದರು, ಅವರು ಬೆಳೆಸಿದ ಗಿಡಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒಣಗಿದ ಕುಂಡಗಳನ್ನು ಕಂಡು ಅತ್ತೆ ಮತ್ತೊಮ್ಮೆ ಅತ್ತರು. ಹಾಗಾಗದಂತೆ, ಆ ದಿನಗಳಲ್ಲೂ ಯಾರ ಗಮನವನ್ನೂ ಸೆಳೆಯದೆ ಬೆಳಿಗ್ಗೆ ಹೋಗಿ ನೀರು ಹಾಕಿ ಬನ್ನಿ. ನೆನಪಿಗೆಂದು ಒಂದು ರೆಂಬೆಯನ್ನೂ ಕೇಳದೆ ಮುರಿದುಕೊಳ್ಳಬೇಡಿ.

ಗಿಡ ಸತ್ತಿದ್ದರೆ ಮುಚ್ಚಿಡಬೇಡಿ, ಅಂಗಡಿಯಿಂದ ಅಂಥದೇ ಇನ್ನೊಂದನ್ನು ತಂದಿಟ್ಟು ಸುಮ್ಮನಾಗಲೂ ಬೇಡಿ. ಬೆಳೆಸಿದವರಿಗೆ ತಮ್ಮ ಗಿಡದ ಗುರುತು ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿದ್ದಾಗ ಹೇಳುವ ಅವಸರವಿಲ್ಲ, ಮನೆಗೆ ಬಂದು ನಾಲ್ಕು ದಿನ ಕಳೆದ ಮೇಲೆ ಹೇಳಿ. ಪೀಸ್ ಲಿಲಿ ಮತ್ತು ಜೇಡ್ ಸತ್ತದ್ದನ್ನು ನಾನು ಹಾಗೆ ಹೇಳಿದೆ. ಅಕ್ಕ ಜೇಡ್ ಗಿಡದ ಖಾಲಿ ಕುಂಡ ತರಿಸಿ ನೋಡಿ, "ಇದರಲ್ಲಿ ಬ್ರಹ್ಮಕಮಲದ ಒಂದು ಎಲೆ ನೆಟ್ಟುಬಿಡು" ಎಂದರು. ಆರೋಗ್ಯವಾದ ಎಲೆಯನ್ನು ಕತ್ತರಿಸಿ, ಗಾಯ ಒಣಗಲು ಎರಡು ಮೂರು ದಿನ ನೆರಳಲ್ಲಿಟ್ಟು, ಮರಳು ಬೆರೆಸಿದ ಮಣ್ಣಿನಲ್ಲಿ ಎರಡಂಗುಲ ಊರಿದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಅದುವರೆಗೆ ಮಣ್ಣು ತುಸು ತೇವ ಇದ್ದರೆ ಸಾಕು.

ಕೆಲಸ ವಾಪಸು ಒಪ್ಪಿಸುವುದನ್ನು ನಿಧಾನವಾಗಿ ಮಾಡಿ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ ಆ ಕಡೆಯ ಕೈ ಬಾತುಕೊಳ್ಳುವ ಸಾಧ್ಯತೆ ಇರುತ್ತದೆ. ಗೀರು, ಮುಳ್ಳು, ಸೋಂಕು ಆ ಕೈಗೆ ತಾಗದಂತೆ ನೋಡಿಕೊಳ್ಳಬೇಕು, ಭಾರ ಎತ್ತುವ ಮುನ್ನ ವೈದ್ಯರನ್ನು ಕೇಳಬೇಕು. ನಾನು ಹತ್ತು ಲೀಟರ್ ಬಕೆಟ್ಟನ್ನು ತಾರಸಿಗೆ ಸಾಗಿಸಿ, ಕೆಳಗೆ ಒಂದು ಸಣ್ಣ ತಂಬಿಗೆ, ತೋಟದ ಕೈಗವಸು, ಕೂರಲು ಒಂದು ಸ್ಟೂಲು ಇಟ್ಟೆ. ಗುಲಾಬಿ ಕುಂಡಗಳನ್ನು ಗೋಡೆಯ ಕಡೆಗೆ ಸರಿಸಿದೆ. ಈಗ ಹಜಾರ, ಬಾಲ್ಕನಿಯ ಗಿಡಗಳಿಗೆ ಅಕ್ಕ ನೀರು ಹಾಕುತ್ತಾರೆ, ತಾರಸಿಯವು ಇನ್ನೂ ನನ್ನ ಪಾಲಿಗಿವೆ. ಬೀಗದ ಕೈಯನ್ನು ಅವರು ಕೇಳಲಿಲ್ಲ, ನಾನೂ ಕೊಟ್ಟಿಲ್ಲ.